ಪಿನ್ನು, ಬೈಪಾಸು ಮತ್ತು ಸುಜಾತಾ

ಪುಣೆಯ ಆ ಆಸ್ಪತ್ರೆಯಲ್ಲಿ ಕೈಗಳಿಲ್ಲದ ಅಗಲ ಕುರ್ಚಿಗಳಿದ್ದವು. ನನ್ನ ಕಾಯಿಲೆಯ ಬಗ್ಗೆ ಬರೆಯಲು ಕೂತರೆ ಮೊದಲು ನೆನಪಾಗುವುದು ಅವೇ. ನಿಪ್ಪಾಣಿಯ ದವಾಖಾನೆಗಳಲ್ಲಿ, ಚಿಕ್ಕೋಡಿಯ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಮದುವೆ ಮಂಟಪಗಳಲ್ಲಿ, ಎಲ್ಲ ಕಡೆ ಕುರ್ಚಿಗೆ ಎರಡು ಕೈಗಳಿರುತ್ತಿದ್ದವು. ಅವುಗಳ ನಡುವಿನ ಜಾಗವನ್ನು ನಾನು ಕಣ್ಣಿನಲ್ಲೇ ಅಳೆದು, ನಿಂತಿರುವುದೇ ವಾಸಿ ಎಂದುಕೊಳ್ಳುತ್ತಿದ್ದೆ. ಪುಣೆಯಲ್ಲಿ ಕೂತೆ. ಪಕ್ಕದಲ್ಲಿ ಅಪ್ಪ ಕೂತ. ಅವನಿಗೆ ಆ ಕುರ್ಚಿ ಎಷ್ಟು ದೊಡ್ಡದಾಗಿತ್ತೆಂದರೆ, ಯಾರೋ ಮರೆತು ಬಿಟ್ಟುಹೋದ ಟೊಪ್ಪಿಗೆಯಂತೆ ಅದರ ಒಂದು ಮೂಲೆಯಲ್ಲಿದ್ದ.

ಆಗ ನನಗೆ ಇಪ್ಪತ್ತೇಳು. ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಚಿಕ್ಕೋಡಿಯಲ್ಲಿ ಪಾಠ ಹೇಳುತ್ತಿದ್ದೆ. ಒಂದು ದಿನ ಪರೀಕ್ಷೆಯ ಕೋಣೆಯಲ್ಲಿ ಕಾವಲಿಗೆ ನಿಂತವಳು ಗೋಡೆಗೆ ಒರಗಿ ನಿಂತಲ್ಲೇ ನಿದ್ದೆ ಹೋದೆ. ಎಚ್ಚರವಾದಾಗ ಕೋಣೆಯ ಹುಡುಗಿಯರೆಲ್ಲ ನನ್ನನ್ನು ನೋಡುತ್ತಿದ್ದರು. ಗೊರಕೆ ಹೊಡೆದೆನೋ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಅದಾದ ಮೇಲೆ ನಿಪ್ಪಾಣಿಯ ಡಾಕ್ಟರರು ರಕ್ತ ನೋಡಿದರು, ಸಕ್ಕರೆ ಇದೆ ಎಂದರು, ರಕ್ತದೊತ್ತಡ ಇದೆ ಎಂದರು, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತಿರಬೇಕು ಎಂದರು. ಅವರ ತೂಕದ ಯಂತ್ರದ ಮುಳ್ಳು ಕೊನೆಯ ಗೆರೆಗೆ ಹೋಗಿ ಅಲ್ಲೇ ನಡುಗುತ್ತ ನಿಂತಿತು. ಹಾಗಾಗಿ ಭಾನುವಾರ, ಕೆಲಸದ ಹೆಂಗಸರು ಯಾರೂ ಇಲ್ಲದಾಗ, ಅಪ್ಪ ನನ್ನನ್ನು ತಂಬಾಕು ತುಂಬಿಡುವ ನಮ್ಮ ವಖಾರಿಗೆ ಕರೆದುಕೊಂಡು ಹೋಗಿ ಚೀಲ ತೂಗುವ ಕಾಟಾದ ಮೇಲೆ ನಿಲ್ಲಿಸಿದ. ನೂರಾ ಇಪ್ಪತ್ನಾಲ್ಕು. ಅವನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಒಂದು ಚೀಟಿಯಲ್ಲಿ ಬರೆದು, ಮಡಚಿ, ನನ್ನ ಕೈಗೆ ಕೊಟ್ಟ.

ಆ ಕಾಟಾ ನನಗೆ ಹೊಸದಲ್ಲ. ನಮ್ಮ ಮನೆಯಲ್ಲಿ ದೀಪಾವಳಿಯ ಪಾಡ್ಯದ ದಿನ ವಖಾರಿಯ ಕಾಟಾಕ್ಕೆ ಪೂಜೆ ಮಾಡಿದ ಮೇಲೆ, ತಂಬಾಕಿಗಿಂತ ಮೊದಲು ಮನೆಯ ಮಕ್ಕಳನ್ನು ಅದರ ಮೇಲೆ ಹತ್ತಿಸುತ್ತಿದ್ದರು. ಮಕ್ಕಳು ಎಂದರೆ ನಾನು ಮತ್ತು ಕಾಕಾನ ಮಗಳು ಸುಜಾತಾ. ಅವಳು ನನಗಿಂತ ಎಂಟು ತಿಂಗಳು ಚಿಕ್ಕವಳು. ಇಬ್ಬರೂ ದಪ್ಪ. ಮುನೀಮರು ಕೂಗುತ್ತಿದ್ದರು: "ಸುಜಾತಾ ಒಂದ ಚೀಲಾ, ವಿಜಯಾ ಒಂದೂವರಿ!" ಜನ ನಗುತ್ತಿದ್ದರು, ಸುಜಾತಾ ಕೂಡ ನಗುತ್ತಿದ್ದಳು. ಆ ಅರ್ಧ ಚೀಲವನ್ನು ನಾನು ಮರೆಯಲಿಲ್ಲ. ಅವಳಿಗೆ ಮೊಣಕಾಲಿನವರೆಗೆ ಜಡೆ ಇತ್ತು. ನನಗೆ ಆರನೆಯ ತರಗತಿಗೇ ದಪ್ಪ ಚಷ್ಮಾ ಬಂತು, ಅವಳಿಗೆ ಇಂದಿಗೂ ಬಂದಿಲ್ಲ. ಆದರೂ ಅವಳು ದಪ್ಪಗಿದ್ದಳು ಎಂಬ ಒಂದು ಸಮಾಧಾನ ನನಗೆ ಇಪ್ಪತ್ತನಾಲ್ಕು ವರ್ಷ ಇತ್ತು.

ಆಮೇಲೆ ಅದೂ ಹೋಯಿತು. ಕಾಕಾ ಅವಳನ್ನು ಪುಣೆಗೆ ಕರೆದುಕೊಂಡು ಹೋಗಿ ಹೊಟ್ಟೆಯ ಆಪರೇಶನ್ ಮಾಡಿಸಿದ. ವರ್ಷ ತುಂಬುವುದರೊಳಗೆ ಅವಳ ಮುಖಕ್ಕೆ ಒಂದು ಗದ್ದ ಬಂತು, ಕತ್ತಿಗೆ ಎಲುಬು ಬಂದವು. ಎರಡನೆಯ ವರ್ಷ ಅಥಣಿಯ ದ್ರಾಕ್ಷಿ ತೋಟದವರ ಮನೆಯಿಂದ ಹೆಣ್ಣು ಕೇಳಿಕೊಂಡು ಬಂದರು. ಹೊಟ್ಟೆಯ ಮೇಲಿನ ಗಾಯಕ್ಕೆ "ಪಿತ್ತಕೋಶದಾಗ ಹರಳ ಆಗಿದ್ದು" ಎಂದು ಹೇಳಿ ಮದುವೆ ಮಾಡಿಕೊಟ್ಟರು. ಮದುವೆಯಲ್ಲಿ ನಾನು ಅಕ್ಷತೆಯ ತಟ್ಟೆ ಹಿಡಿದು ಕಂಬದ ಹಿಂದೆ ನಿಂತಿದ್ದೆ. ಇದನ್ನೆಲ್ಲ ಬಿಟ್ಟು, ಕಾಯಿಲೆಯೊಂದನ್ನೇ ಬರೆಯಬೇಕೆಂದು ಎರಡು ಸಲ ಪ್ರಯತ್ನಿಸಿದೆ. ಆಗಲಿಲ್ಲ. ಆ ದಿನಗಳಲ್ಲಿ ನನ್ನ ಮೈಯೊಳಗೆ ಸಕ್ಕರೆಗಿಂತ ಹೆಚ್ಚಾಗಿ ಇದ್ದದ್ದು ಮತ್ಸರ. ನನ್ನಂತೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಇನ್ನೊಬ್ಬರ ಮೈಯನ್ನು ನೋಡಿ ಒಳಗೊಳಗೇ ಸುಟ್ಟುಕೊಂಡವರು ಬೇರೆ ಯಾರಾದರೂ ಇದ್ದರೆ, ಅವರಿಗೆ ತಾವೊಬ್ಬರೇ ಅಲ್ಲ ಎಂದು ಗೊತ್ತಾಗಲಿ.

ಪುಣೆಯ ಡಾಕ್ಟರರು, ಸುಜಾತಾಳಿಗೆ ಮಾಡಿದವರೇ, ಹಳೆಯ ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ಎರಡು ಹೊಟ್ಟೆ ಬರೆದರು. ಮೊದಲನೆಯದರಲ್ಲಿ ಜಠರದ ಮೇಲ್ಭಾಗಕ್ಕೆ ಸಾಲಾಗಿ ಪಿನ್ನು ಹೊಡೆದು ಒಂದು ಸಣ್ಣ ಚೀಲ ಮಾಡುವುದು. ಅದರ ಅಳತೆಯನ್ನು ಹೇಳುವಾಗ ಅವರು ಮೊದಲು ಮೊಟ್ಟೆಯ ಹೆಸರು ಹೇಳಲು ಹೋಗಿ, ಅಪ್ಪನ ಹಣೆಯ ಗಂಧ ನೋಡಿ, "ಲಿಂಬೆಹಣ್ಣಿನಷ್ಟು" ಎಂದರು. ನಾಲ್ಕು ಚಮಚಕ್ಕೆ ತುಂಬುತ್ತದೆ, ಐದನೆಯದು ವಾಪಸು ಬರುತ್ತದೆ, ತೂಕ ನಿಧಾನ ಇಳಿಯುತ್ತದೆ. ಎರಡನೆಯದು ಬೈಪಾಸು. ಜಠರವನ್ನೂ ಚಿಕ್ಕದು ಮಾಡಿ, ಕರುಳಿನ ದಾರಿಯನ್ನೂ ಬಹುಪಾಲು ತಪ್ಪಿಸುವುದು. ತಿಂದದ್ದರಲ್ಲಿ ಬಹಳಷ್ಟು ಮೈಗೆ ಹತ್ತದೆ ಹೊರಗೆ ಹೋಗುತ್ತದೆ, ತೂಕ ಬೇಗ ಇಳಿಯುತ್ತದೆ, ಆದರೆ ಬದುಕಿರುವವರೆಗೆ ದಿನಾ ಗುಳಿಗೆ ತಿನ್ನಬೇಕು, ವರ್ಷಕ್ಕೆ ಎರಡು ಸಲ ಬಂದು ತೋರಿಸಬೇಕು. ಮುಂಬಯಿಯಲ್ಲಿ ಮೂರನೆಯದೊಂದು ಶುರುವಾಗಿದೆ, ಹೊಟ್ಟೆಗೆ ಪಟ್ಟಿ ಕಟ್ಟುವುದು, ತಾವಿನ್ನೂ ಅದನ್ನು ಮಾಡಿಲ್ಲ ಎಂದರು.

"ನೀವಾದ್ರ ಯಾವುದು ಮಾಡ್ಸ್ಕೊಂತಿದ್ರಿ?" ಎಂದು ಅಪ್ಪ ಕೇಳಿದ.

ಅವರು ನಕ್ಕು, ನಿರ್ಧಾರ ರೋಗಿಯದೇ ಆಗಬೇಕು, ಎರಡೂ ಆಗುತ್ತದೆ ಎಂದರು. ನನ್ನ ಕಡೆ ತಿರುಗಿ ಮರಾಠಿಯಲ್ಲಿ, "ಘಾಯಿ ನಕೋ," ಅವಸರ ಬೇಡ ಎಂದರು. ಮನೆಯಲ್ಲೇ ಬೈಪಾಸು ಆದ ಸುಜಾತಾ ಇದ್ದಾರಲ್ಲ, ಒಂದೆರಡು ದಿನ ಅವರ ಜೊತೆ ಇದ್ದು ನೋಡಿ, ನಂತರ ಪತ್ರ ಬರೆಯಿರಿ ಎಂದರು. ಹೊರಡುವಾಗ ಕೇಳಿದರು, "ಅವರು ಈಗ ಹೇಗಿದ್ದಾರೆ? ಮದುವೆಯಾದ ಮೇಲೆ ತೋರಿಸಲು ಬಂದೇ ಇಲ್ಲ." ಚೆನ್ನಾಗಿದ್ದಾಳೆ ಎಂದೆ. ನನಗೆ ಅದಕ್ಕಿಂತ ಖಚಿತವಾಗಿ ಗೊತ್ತಿದ್ದದ್ದು ಬೇರೇನೂ ಇರಲಿಲ್ಲ.

ಭಾದ್ರಪದದಲ್ಲಿ ಅಥಣಿಗೆ ಹೋದೆ. ದಶಲಕ್ಷಣ ಪರ್ವದ ದಿನಗಳು. ನಮ್ಮ ಜೈನರ ಮನೆಗಳಲ್ಲಿ ಹೊತ್ತು ಮುಳುಗುವ ಮುಂಚೆ ಊಟ ಮುಗಿಯುವುದು ಎಲ್ಲ ದಿನದ ರೂಢಿ. ಈ ಹತ್ತು ದಿನ ಅನೇಕರು ಒಂದೇ ಹೊತ್ತು ಉಣ್ಣುತ್ತಾರೆ. ಬಸ್ಸಿನಲ್ಲಿ ಕಂಡಕ್ಟರ್ ಇಬ್ಬರ ಸೀಟಿನಲ್ಲಿ ಕೂತ ನನ್ನನ್ನು ನೋಡಿ, "ಬಾಯಾರ, ಇನ್ನೊಬ್ರು ಎಲ್ಲಿ ಇಳದ್ರು?" ಎಂದ. ಹಿಂದಿನವರು ನಕ್ಕರು. ನಾನು ಕಿಟಕಿಯ ಹೊರಗೆ ಕಬ್ಬು ನೋಡುತ್ತ ಕೂತೆ. ಚೀಲದಲ್ಲಿ ಒಂದು ನೋಟ್‌ಬುಕ್ ಇತ್ತು. ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ಪಿನ್ನು, ಬಲಕ್ಕೆ ಬೈಪಾಸು ಎಂದು ಬರೆದಿದ್ದೆ.

ಸುಜಾತಾ ಬಾಗಿಲಲ್ಲೇ ಬಂದು ಕೈ ಹಿಡಿದಳು. ತಿಳಿ ಹಸಿರು ಸೀರೆ, ಮುಂಗೈಯಲ್ಲಿ ಜಾರಿ ಬೀಳುವ ಬಳೆ. "ಅಕ್ಕಾ, ಬಸ್ಸಿನ್ಯಾಗ ತ್ರಾಸ ಆತೇನ?" ಎಂದು ಕೇಳಿದಾಗ ನನಗೆ ಅನ್ನಿಸಿದ್ದು ಒಂದೇ, ಈ ಪ್ರಶ್ನೆಯನ್ನು ತೆಳ್ಳಗಿನವರಿಗೆ ಯಾರೂ ಕೇಳುವುದಿಲ್ಲ.

ಅವಳ ಅತ್ತೆ ಗಟ್ಟಿ ಹೆಂಗಸು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬಾರವಾ ತಂಗಿ. ಎಲ್ಲಿ ಕುಂಡ್ರತಿ? ಆ ಬಾಜ ಗಟ್ಟಿ ಐತಿ, ಅಲ್ಲೇ ಕುಂಡ್ರ" ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವರಿಗೆ ತಮ್ಮ ಮಂಚದ ಚಿಂತೆ ಇತ್ತು.

ಸಂಜೆ ಐದೂವರೆಗೆ ನನಗೂ ಮನೆಯ ಗಂಡಸರಿಗೂ ಊಟವಾಯಿತು. ಒಲೆ ಆರಿತು. ಸುಜಾತಾ ಪಡಸಾಲೆಯ ಕಂಬದ ಬುಡದಲ್ಲಿ ಚಾಪೆ ಹಾಕಿ, ಕಾಲು ಮಡಚಿ, ಕೈ ಜೋಡಿಸಿ, ಧ್ಯಾನಕ್ಕೆಂಬಂತೆ ಕೂತಳು. ಹೊರಗೆ ಇನ್ನೂ ಬೆಳಕಿತ್ತು. ಅತ್ತೆ ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಆಚೆ ಕರೆದರು.

"ಸಾಮಾಯಿಕಕ್ಕ ಕುಂತಾಳ. ದಿನಾ ಹಿಂಗ ನೋಡ. ಹೊತ್ತ ಮುಳುಗಿತಂದ್ರ ಕುಂತ ಜಾಗಾ ಬಿಟ್ಟ ಏಳಂಗಿಲ್ಲ. ಈಗಿನ ಕಾಲದಾಗ ಯಾವ ಸೊಸಿ ಮಾಡ್ತಾಳ ಹೇಳ? ಓಣ್ಯಾಗ ಎಲ್ಲಾರೂ ಅಂತಾರ, ನಿಮ್ಮ ಸೊಸಿ ಪುಣ್ಯವಂತಿ ಅಂತ. ತಿನ್ನೂದೂ ಅಷ್ಟ, ಬೆಳಿಗ್ಗಿ ಒಂದ ಹೊತ್ತ. ಅದಕ್ಕ ಮೈ ಹಂಗ ಐತಿ." ಸ್ವಲ್ಪ ತಡೆದು ಹೇಳಿದರು, "ನೀನೂ ಮಾಡ ತಂಗಿ. ಮನಸ್ಸ ಗಟ್ಟಿ ಇರಬೇಕ ಅಷ್ಟ."

ನಾನೂ ಉಪವಾಸ ಮಾಡಿದ್ದೆ. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಹತ್ತೂ ದಿನ ಬರೀ ಕಾಸಿ ಆರಿಸಿದ ನೀರು. ಉಪವಾಸ ಬಿಡುವ ಪಾರಣೆಯ ದಿನ ಬಂದವರು ಚಮಚ ಚಮಚ ಹೆಸರುಕಾಳಿನ ನೀರು ಕುಡಿಸುತ್ತ, "ಏನೂ ಇಳದೇ ಇಲ್ಲಲ್ಲ!" ಎಂದು ಒಬ್ಬರ ಮುಖ ಒಬ್ಬರು ನೋಡಿದ್ದರು. ನನ್ನ ಉಪವಾಸಕ್ಕೆ ಸಾಕ್ಷಿ ಇರಲಿಲ್ಲ, ಮೈ ಸಾಕ್ಷಿ ಹೇಳಲಿಲ್ಲ. ಸುಜಾತಾಳ ಮೈ ಡಾಕ್ಟರರ ಕತ್ತರಿಯಿಂದ ಇಳಿದದ್ದು, ಅದೀಗ ಅವಳ ಪುಣ್ಯವಾಗಿತ್ತು. ಸೊಂಟಕ್ಕೆ ಮತ್ಸರಪಡುವುದು ನನಗೆ ರೂಢಿಯಾಗಿತ್ತು, ಈಗ ಪುಣ್ಯಕ್ಕೂ ಪಡಬೇಕಾಯಿತು. ಕಂಬದ ಹತ್ತಿರ ಅವಳು ಒಂದೂವರೆ ತಾಸು ಅಲುಗಾಡದೆ ಕೂತಿದ್ದಳು. ಆಮೇಲೆ ಗಂಡ ತೋಟದಿಂದ ಬಂದು, "ಏಳ, ಸಾಕ," ಎಂದು ಕೈ ಹಿಡಿದು ಎಬ್ಬಿಸಿ ಒಳಗೆ ಕರೆದುಕೊಂಡು ಹೋದ. ಆ ಕೈ ಹಿಡಿದದ್ದನ್ನೂ ನಾನು ನೋಡಿದೆ.

ಮರುದಿನ ಬೆಳಿಗ್ಗೆ ದ್ರಾಕ್ಷಿ ಚಪ್ಪರದ ನೆರಳಲ್ಲಿ ಇಬ್ಬರೇ ಕೂತಾಗ ನೋಟ್‌ಬುಕ್ ತೆಗೆದೆ. ಅವಳು ಅದನ್ನು ನೋಡಿ ನಕ್ಕಳು.

"ಏನ ಬೇ ಅಕ್ಕಾ, ನನ್ನ ಪರೀಕ್ಷಾ ತಗೊಳ್ಳಾಕ ಬಂದಿಯೇನ?"

"ನೀ ಹೇಳ. ಯಾವುದ ಚಲೋ?"

ಅವಳು ಒಂದು ಒಣಗಿದ ಎಲೆ ಹರಿಯುತ್ತ ಕೂತಳು. "ಪಿನ್ನ ಹಾಕ್ಸ್ಕೊ ಅಕ್ಕಾ. ಬೈಪಾಸ್ ಬ್ಯಾಡ."

"ಯಾಕ?"

"ಬ್ಯಾಡ ಅಂದ್ರ ಬ್ಯಾಡ. ಎಲ್ಲಿ ಹೋದ್ರೂ ಮೊದಲ ಸಂಡಾಸ ಎಲ್ಲೈತಿ ಅಂತ ನೋಡಬೇಕಾಕ್ಕೈತಿ. ಎಷ್ಟ ನೀರ ಹಾಕಿದ್ರೂ ವಾಸನಿ ಹೋಗಂಗಿಲ್ಲ. ಮನ್ಯಾಗ ಯಾರಿಗೂ ಗೊತ್ತಾಗಬಾರದಂತ ಎಲ್ಲಾರಕಿಂತ ಮೊದಲ ಎದ್ದ ಹೋಗ್ತೀನಿ. ಕೂದಲಂತೂ..." ಜಡೆಯನ್ನು ಮುಂದಕ್ಕೆ ಹಾಕಿ ತೋರಿಸಿದಳು. ಅರ್ಧದಿಂದ ಕೆಳಗೆ ಅದು ಕೊಂಡು ತಂದ ಕೂದಲು.

"ಆದ್ರೂ ನೀ ತೆಳ್ಳಗ ಆದಿ," ಎಂದೆ.

"ಆದ್ನಿ."

"ಲಗ್ನ ಆತು."

"ಆತು ಬಿಡ. ನಾ ಹೇಳೂದ ಕೇಳ, ಅಕ್ಕಾ."

ನಾನು ಎಡಗಡೆಯ ಸಾಲಿನಲ್ಲೂ ಏನೂ ಬರೆಯಲಿಲ್ಲ, ಬಲಗಡೆಯಲ್ಲೂ ಬರೆಯಲಿಲ್ಲ. ಅವಳು ಹೇಳಿದ ಒಂದೊಂದು ಮಾತೂ ನನ್ನ ತಲೆಯಲ್ಲಿ ತಿರುಗಿ ಬೇರೆಯಾಗುತ್ತಿತ್ತು. ಅವಳಿಗೆ ಬೇಗ ಇಳಿಯುವುದು ಸಿಕ್ಕಿತು, ನನಗೆ ನಿಧಾನದ್ದು ಸಾಕು. ಮನೆಯಲ್ಲಿ ಒಬ್ಬಳೇ ತೆಳ್ಳಗಿರಬೇಕು, ಅದು ಅವಳೇ ಆಗಿರಬೇಕು. ಅರ್ಧ ಚೀಲದ ಅಂತರ ಹಾಗೇ ಉಳಿಯಬೇಕು, ಅದಕ್ಕೇ ಬೇಡ ಎನ್ನುತ್ತಿದ್ದಾಳೆ. ಇಷ್ಟು ಓದಿದವಳು ಇಷ್ಟು ಸಣ್ಣ ಲೆಕ್ಕ ಹಾಕಿದೆನೆಂದು ಈಗ ನಾಚಿಕೆಯಾಗುತ್ತದೆ. ಆಗ ಮಾತ್ರ ಅದು ಹಗಲಿನಷ್ಟು ಸ್ಪಷ್ಟವಾಗಿ ಕಂಡಿತು.

ಮಧ್ಯಾಹ್ನ ಎಲ್ಲರೂ ಬಸದಿಗೆ ಹೋದಾಗ ಬಾಜದ ಮೇಲೆ ಕೂತು ಇನ್‌ಲ್ಯಾಂಡ್ ಪತ್ರ ಬರೆದೆ. ಮಾನ್ಯ ಡಾಕ್ಟರರಿಗೆ, ನಾನು ಬೈಪಾಸು ಮಾಡಿಸಿಕೊಳ್ಳಲು ನಿರ್ಧರಿಸಿದ್ದೇನೆ, ದೀಪಾವಳಿಗಿಂತ ಮೊದಲು ದಿನ ಕೊಡಬೇಕು. ಬೈಪಾಸು ಎಂಬ ಪದದ ಕೆಳಗೆ ಗೆರೆ ಎಳೆದೆ. ಅಂಟಿಸುವಾಗ ನನಗೆ ಬಹಳ ದಿನಗಳ ಮೇಲೆ ಹಗುರವೆನ್ನಿಸಿತು. ಅದನ್ನು ಸುಜಾತಾಳ ಕೈಯಿಂದಲೇ ಅಂಚೆಗೆ ಹಾಕಿಸಬೇಕು ಎಂಬ ಆಸೆಯೂ ಅದೇ ಹೊತ್ತಿಗೆ ಹುಟ್ಟಿತು. ಪುಣೆಯ ವಿಳಾಸವನ್ನು ಅವಳು ಓದಬೇಕು. ಕೇಳಲೇಬೇಕು, "ಏನ ಬರದಿ?" ಎಂದು. ಆಗ ಹೇಳಬೇಕು.

ಸಂಜೆಯ ಊಟವಾಯಿತು. ಅವಳು ಚಾಪೆಯ ಮೇಲೆ ಹೋಗಿ ಕೂತಳು. ಕರೆಂಟು ಇರಲಿಲ್ಲ, ಆದರೆ ಕತ್ತಲೆಯೂ ಇರಲಿಲ್ಲ. ಅಂಗಳದಲ್ಲಿ ಒಣಗಲು ಹಾಕಿದ್ದ ಸೀರೆಯ ಅಂಚಿನ ಬಣ್ಣ ನನ್ನ ಚಷ್ಮಾದ ಕಣ್ಣಿಗೂ ಕಾಣುತ್ತಿತ್ತು. ಅತ್ತೆ ಹಿಂದಿನ ಓಣಿಗೆ ಹೋಗಿದ್ದರು. ನಾನು ಅವಳೆದುರು ಹೋಗಿ ನಿಂತೆ.

"ಸುಜಾತಾ, ಈ ಪತ್ರ ನಿಮ್ಮನಿಯವರ ಕಡೆ ಕೊಡ. ನಾಳೆ ಅಂಚಿಗೆ ಹಾಕಲಿ."

"ಕೊಡ," ಎಂದು ಕೈ ಚಾಚಿದಳು.

ಪತ್ರ ಅವಳ ಮುಖದ ಮುಂದೆ ಒಂದು ಗೇಣಿನಷ್ಟು ದೂರದಲ್ಲಿತ್ತು. ಅವಳ ಕೈ ಅದರ ಎಡಗಡೆ ಹೋಯಿತು. ಬರಿಗಾಳಿಯಲ್ಲಿ ಬೆರಳು ಅಗಲಿಸಿ ಹಾಗೇ ನಿಂತಿತು. ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆ. ಪತ್ರವನ್ನು ಬಲಗಡೆಗೆ ಸರಿಸಿದೆ. ಕಣ್ಣು ಅದರ ಹಿಂದೆ ಬರಲಿಲ್ಲ.

"ಎಲ್ಲಿ ಅಕ್ಕಾ, ಕೊಡ ಮತ್ತ," ಎಂದಳು.

ನಾನು ಕೆಳಗೆ ಕೂತೆ. ನನಗೆ ನೆಲಕ್ಕೆ ಕೂರುವುದು ಸುಲಭವಲ್ಲ, ಒಂದು ಕೈ ಕಂಬಕ್ಕೆ ಊರಿ ಕೂತೆ. "ನನ್ನ ಮಾರಿ ಕಾಣತೈತೇನ ನಿನಗ?"

ಅವಳು ಚಾಚಿದ ಕೈಯನ್ನು ಮಡಿಲಿಗೆ ಎಳೆದುಕೊಂಡಳು.

"ಎಷ್ಟ ದಿನ ಆತು?"

"ಯುಗಾದಿಯಿಂದ," ಎಂದಳು. "ಹಗಲಿ ಬರೋಬ್ಬರಿ ಕಾಣತೈತಿ. ಹೊತ್ತ ಇಳಿಯಾಕತ್ತಿತಂದ್ರ ಎಲ್ಲಾ ಮಣ್ಣ ಬಡದಂಗ ಆಕ್ಕೈತಿ. ಮೊದಲನೇ ದಿನಾ ಇಲ್ಲೇ ಇದ್ನಿ, ಈ ಕಂಬದ ಹಂತೇಕ. ಏಳಾಕ ಅಂಜಿಕಿ ಬಂತು. ಕುಂತ್ನಿ, ಕೈ ಜೋಡ್ಸಿ ಣಮೋಕಾರ ಮಂತ್ರ ಅಂದ್ನಿ. ಅತ್ತಿ ಬಂದು ಎಲ್ಲಾರಿಗೂ ಸುಮ್ಮಿರ್ರಿ, ಸಾಮಾಯಿಕಕ್ಕ ಕುಂತಾಳ ಅಂದ್ರು. ನಾ ಏನ ಮಾಡ್ಲಿ? ಮರದಿನಾನೂ ಕುಂತ್ನಿ."

"ಗುಳಿಗಿ?"

"ಯಾ ಗುಳಿಗಿ? ಯಾ ರೋಗಕ್ಕ ಅಂತ ಕೇಳಿದ್ರ ಏನ ಹೇಳ್ಲಿ? ಅದೂ ಅಲ್ದ ಆ ಕ್ಯಾಪ್ಸೂಲ್ ಗುಳಿಗಿ ಹೊದಿಕಿ ಪ್ರಾಣಿ ಎಲುಬಿಂದ ಮಾಡಿರ್ತಾರಂತ. ಅತ್ತಿ ಮನ್ಯಾಗ ಇಡಗೊಡಂಗಿಲ್ಲ."

"ನಿನ್ನ ಗಂಡಗ ಗೊತ್ತೈತೇನ?"

"ಭಕ್ತಿ ಅಂತ ತಿಳದಾನ." ಅವಳಿಗೆ ಅಳುವಿನ ನಡುವೆ ನಗು ಬಂತು. "ಊರ ತುಂಬ ಹೇಳ್ಕೊಂಡ ಅಡ್ಯಾಡ್ತಾನ."

ಇಲ್ಲಿ ಒಂದು ವಿಷಯವನ್ನು ಬರೆಯದೆ ಬಿಡಬಹುದಿತ್ತು. ಆ ಕ್ಷಣ, ಅವಳ ಕಣ್ಣು ನನ್ನನ್ನು ದಾಟಿ ಎಲ್ಲೋ ನೋಡುತ್ತಿದ್ದಾಗ, ನನಗೆ ಸಂತೋಷವಾಯಿತು. ಒಂದೇ ಕ್ಷಣ, ಆದರೆ ಸಂತೋಷವೇ. ಅಂದರೆ ಅವಳಿಗೂ ಎಲ್ಲ ಸಿಕ್ಕಿಲ್ಲ ಎಂಬ ಸಂತೋಷ. ಅದು ಹೋದ ಮೇಲೆ ನನಗೆ ನನ್ನ ಮೇಲೇ ಹೇಸಿಗೆ ಬಂತು, ಅದರ ಬೆನ್ನಿಗೇ ಭಯ ಬಂತು. ಕೈಯಲ್ಲಿದ್ದ ನೀಲಿ ಪತ್ರದೊಳಗೆ ನಾನು ಬೇಡಿಕೊಂಡದ್ದು ಇದನ್ನೇ ತಾನೆ. ಅವಳು ಬೆಳಿಗ್ಗೆ ಹೇಳಿದ್ದಷ್ಟೂ ಖರೆ. ಕಣ್ಣಿನ ವಿಷಯವನ್ನು ಹೇಳದೆ ಬಿಟ್ಟಿದ್ದಳು, ನಾನು ಹೆದರಬಾರದೆಂದೋ, ಬೇರೆಯವರಿಗೆ ಗೊತ್ತಾಗಬಾರದೆಂದೋ, ನಾನು ಕೇಳಲಿಲ್ಲ.

"ಯಾರಿಗೂ ಹೇಳಬ್ಯಾಡ ಅಕ್ಕಾ. ನಿನ್ನ ಕಾಲ ಬೀಳ್ತೀನಿ."

"ಹೇಳಂಗಿಲ್ಲ. ಆದ್ರ ನಾಳೆ ನನ್ನ ಜೋಡಿ ಮಿರಜಿಗೆ ಬರ್ತಿ."

"ಅತ್ತಿ ಕಳಸಂಗಿಲ್ಲ."

"ಕಳಸ್ತಾರ," ಎಂದೆ.

ಬೆಳಿಗ್ಗೆ ಅತ್ತೆಯ ಮುಂದೆ ನಿಂತು ನಾನು ಆವರೆಗೆ ಯಾರ ಮುಂದೆಯೂ ಹೇಳದ ಮಾತುಗಳನ್ನು ಹೇಳಿದೆ. "ಮಾವಶಿ, ನಾ ದಪ್ಪ ಇಳಸೂ ಆಪರೇಶನ್ ಮಾಡ್ಸ್ಕೊಳ್ಳಾಕತ್ತೇನ್ರಿ. ಮಿರಜಿನ್ಯಾಗ ತಪಾಸಣಿ ಐತ್ರಿ. ಬಸ್ ಏರಾಕ ಇಳ್ಯಾಕ ಒಬ್ಬಾಕಿಗೆ ಆಗಂಗಿಲ್ರಿ. ಸುಜಾತಾನ್ನ ಕಳಸ್ರಿ."

ಅವರು ನನ್ನ ಕಾಲು ನೋಡಿದರು, ಸೊಂಟ ನೋಡಿದರು. ಅವರ ಕಣ್ಣಿನಲ್ಲಿ ಮರುಕ ಬಂತು. "ಹೌದ ಬಿಡ, ನೀ ಒಬ್ಬಾಕಿ ಹೆಂಗ ಏರ್ತಿ? ಸುಜಾತಾ, ಹೋಗ. ಅಕ್ಕನ ಕೈ ಬಿಡಬ್ಯಾಡ. ಹೊತ್ತ ಮುಳುಗೂಕಿಂತ ಮೊದಲ ಬರ್ರಿ."

ನನ್ನ ಮೈಯಿಂದ ಅಲ್ಲಿಯವರೆಗೆ ಯಾರಿಗೂ ಏನೂ ಉಪಯೋಗವಾಗಿರಲಿಲ್ಲ.

ಕಾಗವಾಡದ ಮೇಲೆ ಮಿರಜಿಗೆ ಬಸ್ಸು. ಕಣ್ಣಿನ ಡಾಕ್ಟರರ ಮೊಗಸಾಲೆಯಲ್ಲಿ ಎಲ್ಲರೂ ನನಗೆ ದಾರಿ ಬಿಟ್ಟರು. ರೋಗಿ ನಾನೇ ಎಂದು ನೋಡಿದರೇ ತಿಳಿಯುವಂತಿತ್ತು. ನರ್ಸು ಹೊರಗೆ ಬಂದು ಸುಜಾತಾಳ ಹೆಸರು ಕೂಗಿ ನನ್ನ ತೋಳು ಹಿಡಿದಳು. "ನಾ ಅಲ್ಲ, ಈಕಿ," ಎಂದಾಗ ನಂಬಲಾಗದೆ ಇಬ್ಬರನ್ನೂ ನೋಡಿದಳು. ಡಾಕ್ಟರರು ವಯಸ್ಸಾದವರು. ಟಾರ್ಚು ಹಿಡಿದು ಸುಜಾತಾಳ ಕಣ್ಣಿನ ಬಿಳಿಯ ಭಾಗ ನೋಡುತ್ತ, "ಹೊಟ್ಟಿ ತುಂಬ ಉಣ್ಣೂ ಮನಿಯಾಕಿ ಕಾಣ್ತಿ. ಹಿಂಗ ಯಾಕ ಆತು?" ಎಂದು ಕೇಳಿದರು. ಅವಳು ನನ್ನ ಕಡೆ ತಿರುಗಿದಳು. ಅವಳೇ ಹೇಳಲಿ ಎಂದು ಕಾದೆ. ಅವಳು ಸೆರಗು ಸರಿಸಿ ಹೊಟ್ಟೆಯ ಗಾಯ ತೋರಿಸಿದಳು. ನಾನು ಆ ಗಾಯವನ್ನು ಮೊದಲ ಸಲ ನೋಡಿದೆ. ಎದೆಗೂಡಿನಿಂದ ಹೊಕ್ಕುಳದ ತನಕ, ಗೋಣಿಚೀಲ ಹೊಲಿದ ಹಾಗೆ.

ಕರುಳಿನ ದಾರಿ ತಪ್ಪಿಸಿದ್ದರಿಂದ ಕಣ್ಣಿಗೆ ಬೇಕಾದ ಎ ಜೀವಸತ್ವ ಮೈಗೆ ಹತ್ತಿಲ್ಲ, ಸರಿಯಾದ ಹೊತ್ತಿಗೆ ಬಂದಿದ್ದೀರಿ, ಹೋದ ಬೆಳಕು ವಾಪಸು ಬರುತ್ತದೆ ಎಂದು ಅವರು ಹೇಳಿದರು. ಇನ್ನೂ ಕೆಲ ತಿಂಗಳು ಹೀಗೇ ಬಿಟ್ಟಿದ್ದರೆ ಕಣ್ಣಿಗೆ ಹೂವು ಬಿದ್ದು ಹಗಲೂ ಹೋಗುತ್ತಿತ್ತಂತೆ. ಇಂಜೆಕ್ಷನ್ ಕೊಟ್ಟರು. ಪುಣೆಗೆ ತಪ್ಪದೆ ಹೋಗಬೇಕೆಂದು ಬರೆದುಕೊಟ್ಟರು. ಬಸ್ ಸ್ಟ್ಯಾಂಡಿನಲ್ಲಿ ಸುಜಾತಾ ಆ ಚೀಟಿಯನ್ನು ರವಿಕೆಯೊಳಗೆ ಇಟ್ಟುಕೊಂಡು, "ಗಂಡಗ ಹೇಳೇ ಬಿಡ್ತೀನಿ," ಎಂದಳು. ಹೇಳಿದಳು ಕೂಡ, ಅದೇ ವಾರ. ಗಂಡ ಎರಡು ದಿನ ಮಾತಾಡಲಿಲ್ಲವಂತೆ. ಮೂರನೆಯ ದಿನ ಅಂಗಡಿಯಿಂದ ಕ್ಯಾಪ್ಸೂಲಲ್ಲದ ಗುಳಿಗೆ ಹುಡುಕಿ ತಂದು, ಪುಡಿ ಮಾಡಿ, ಮಜ್ಜಿಗೆಯಲ್ಲಿ ಕಲಸಿ ತಾನೇ ಕೊಟ್ಟನಂತೆ. ಅದನ್ನು ಅವಳು ಪತ್ರದಲ್ಲಿ ಬರೆದಾಗ ಓದಿ ಮುಗಿಸಿ ನಾನು ಪತ್ರವನ್ನು ಸ್ವಲ್ಪ ಜೋರಾಗಿಯೇ ಮಡಚಿದೆ. ನನಗೆ ಮಜ್ಜಿಗೆ ಕಲಸಿ ಕೊಡುವವರು ಯಾರು ಎಂಬ ಯೋಚನೆ ಬಂದಿತ್ತು.

ನನ್ನ ಇನ್‌ಲ್ಯಾಂಡ್ ಪತ್ರ ಚೀಲದಲ್ಲೇ ನಿಪ್ಪಾಣಿಗೆ ಬಂತು. ಹರಿಯುವ ಮೊದಲು ಒಂದು ಸಲ ಬಿಚ್ಚಿ ಓದಿದೆ. ಅವಳು ಬೇಡವೆಂದಳೆಂದು ಬೈಪಾಸು ಆರಿಸಿದ್ದೆ. ಈಗ ಅವಳಿಗೆ ಹೀಗಾಯಿತೆಂದು ಪಿನ್ನು ಆರಿಸಿದರೆ ಅದೂ ಅವಳನ್ನು ನೋಡಿ ಆರಿಸಿದ್ದೇ ಆಗುತ್ತದೆ. ನೋಟ್‌ಬುಕ್ಕಿನಲ್ಲಿ ಹೊಸ ಹಾಳೆ ತೆಗೆದು, ಅವಳ ಹೆಸರು ಬರದಂತೆ ಎರಡೂ ಸಾಲು ಬರೆಯಲು ಕೂತೆ. ಬಹಳ ಕಷ್ಟವಾಯಿತು. ಎರಡು ದಿನ ಹಿಡಿಯಿತು. ಬೈಪಾಸಿನ ಸಾಲಿನಲ್ಲಿ ಅವಳನ್ನು ತೆಗೆದರೆ ಉಳಿದದ್ದು "ಬೇಗ" ಎಂಬ ಒಂದೇ ಪದ. ಬೇಗ ಯಾಕೆ ಬೇಕು, ಯಾರಿಗಿಂತ ಬೇಗ ಎಂದು ಕೇಳಿಕೊಂಡರೆ ಮತ್ತೆ ಅವಳೇ ಬರುತ್ತಿದ್ದಳು. ಪಿನ್ನಿನ ಸಾಲಿನಲ್ಲಿ ಬರೆದೆ: ಕರುಳು ಇದ್ದ ಹಾಗೆ ಇರುತ್ತದೆ. ದಿನದ ಬೆಳಕಿನಲ್ಲೇ ಆರು ಸಲ ಸ್ವಲ್ಪ ಸ್ವಲ್ಪ ಉಣ್ಣಬಹುದು, ಮಧ್ಯಂತರದಲ್ಲಿ ಕಾಲೇಜಿನಲ್ಲಿ ಡಬ್ಬಿ ಬಿಚ್ಚಬಹುದು. ಯಾರಿಗೂ ಸುಳ್ಳು ಹೇಳಬೇಕಾಗಿಲ್ಲ. ಕೊನೆಯದನ್ನು ಬರೆದ ಮೇಲೆ ಪೆನ್ನು ಮುಚ್ಚಿದೆ.

ಪುಣೆಗೆ ಹೊಸ ಪತ್ರ ಹೋಯಿತು. ದೀಪಾವಳಿ ಕಳೆದು ಆಪರೇಶನ್ ಆಯಿತು.

ಅದರ ಬಗ್ಗೆ ಹೇಳುವುದು ಕಡಿಮೆ. ಎಚ್ಚರವಾದಾಗ ಬಾಯಿ ಒಣಗಿತ್ತು, ಅಪ್ಪ ಆ ದೊಡ್ಡ ಕುರ್ಚಿಯನ್ನು ಮಂಚದ ಪಕ್ಕಕ್ಕೆ ಎಳೆದುಕೊಂಡು ಕೂತಿದ್ದ. ಮೂರನೆಯ ದಿನ ಮೊದಲ ಚಮಚ ನೀರು. ಅವನೇ ಕುಡಿಸಿದ. ಒಂದು ಚಮಚ ಕುಡಿಸಿ ಗಡಿಯಾರ ನೋಡುತ್ತಿದ್ದ, ಐದು ನಿಮಿಷ ಕಳೆದ ಮೇಲೆ ಇನ್ನೊಂದು. ಪಕ್ಕದ ಮಂಚದ ಸಾತಾರಾದ ಹೆಂಗಸು ಅದನ್ನು ನೋಡಿ ಮುಖ ಆ ಕಡೆ ತಿರುಗಿಸಿಕೊಂಡಳು. ಅವಳ ಜೊತೆಗೆ ಯಾರೂ ಬಂದಿರಲಿಲ್ಲ. ಅವಳು ಯಾಕೆ ತಿರುಗಿದಳೆಂದು ನನಗೆ ತಕ್ಷಣ ಗೊತ್ತಾಯಿತು. ಆ ತಿರುಗುವಿಕೆಯನ್ನು ನಾನು ವರ್ಷಗಳಿಂದ ಬಲ್ಲೆ, ಆದರೆ ನನ್ನ ಕಡೆಗೆ ಯಾರೂ ಹಾಗೆ ತಿರುಗಿದ್ದಿಲ್ಲ. ಮರುದಿನದಿಂದ ಅಪ್ಪನಿಗೆ ಹೇಳಿ ಅವಳಿಗೂ ಚಮಚ ಹಿಡಿಸಿದೆ.

ಊರಿಗೆ ಬಂದ ಮೇಲೆ ನೋಡಲು ಬಂದವರೆಲ್ಲ ಪಾರಣೆಯವರಂತೆ ಚಮಚ ಹಿಡಿದೇ ಬಂದರು. "ನನ್ನ ಕೈಯಿಂದ ಒಂದ," ಎಂದು ಒಬ್ಬೊಬ್ಬರೂ. ಅವ್ವ ಬಾಗಿಲಲ್ಲಿ ನಿಂತು, "ಆಕಿ ಹೊಟ್ಟ್ಯಾಗ ನಾಕ ಚಮಚ ಹಿಡಿತೈತ್ರಿ. ನಾಕ ಮಂದಿ ಆಗ್ಯಾರ. ನೀವು ನಾಳೆ ಬರ್ರಿ," ಎಂದು ಕಳಿಸುತ್ತಿದ್ದಳು. ಒಂದು ದಿನ ಅವಳು ಒಳಗಿದ್ದಾಗ ಐದನೆಯವರೊಬ್ಬರು ನುಗ್ಗಿದರು. ಆ ಐದನೆಯ ಚಮಚ ಅವರ ಸೀರೆಯ ಮೇಲೆಯೇ ವಾಪಸು ಹೋಯಿತು. ಅದಾದ ಮೇಲೆ ಯಾರೂ ಒತ್ತಾಯ ಮಾಡಲಿಲ್ಲ.

ಭಾನುವಾರಗಳಲ್ಲಿ ವಖಾರಿಯ ಕಾಟಾ. ಚೀಟಿ. ತಿಂಗಳಿಗೆ ಮೂರು ಕಿಲೋ, ಕೆಲವು ತಿಂಗಳು ಎರಡೇ. ಸುಜಾತಾಳಿಗೆ ಇಳಿದಷ್ಟು ನನಗೆ ಯಾವ ತಿಂಗಳೂ ಇಳಿಯಲಿಲ್ಲ. ಅವಳ ತಿಂಗಳುಗಳ ಲೆಕ್ಕ ನನಗೆ ಬಾಯಿಪಾಠವಿತ್ತು. ಆದರೂ ವರ್ಷ ತುಂಬುವ ಹೊತ್ತಿಗೆ ಸಕ್ಕರೆಯ ಗುಳಿಗೆ ಬಿಟ್ಟೆ, ಪರೀಕ್ಷೆಯ ಕೋಣೆಯಲ್ಲಿ ಎಚ್ಚರವಾಗಿ ನಿಂತೆ, ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬಳು ಮುದುಕಿ ಬಂದು ಕೂತಳು. ಅವಳು ತನ್ನ ಬುಟ್ಟಿಯನ್ನೂ ನಮ್ಮ ನಡುವೆ ಇಟ್ಟಳು. ಚಿಕ್ಕೋಡಿ ಬರುವವರೆಗೆ ನಾನು ಆ ಬುಟ್ಟಿಯನ್ನೇ ನೋಡುತ್ತಿದ್ದೆ.

ಮರುವರ್ಷದ ದೀಪಾವಳಿಗೆ ಸುಜಾತಾ ತವರಿಗೆ ಬಂದಳು. ವರ್ಷಕ್ಕೆ ಎರಡು ಸಲ ಗಂಡನ ಜೊತೆ ಪುಣೆಗೆ ಹೋಗಿ ಬರುತ್ತಾಳೆ. ಅತ್ತೆಗೆ ಇನ್ನೂ ಗೊತ್ತಿಲ್ಲ.

"ಕಣ್ಣ ಬರೋಬ್ಬರಿ ಆದ್ವು, ಆದ್ರ ನಾ ಸಂಜಿಕ ಕುಂಡ್ರೂದ ಬಿಟ್ಟಿಲ್ಲ ಅಕ್ಕಾ," ಎಂದಳು. "ಅಷ್ಟೊತ್ತು ಯಾರೂ ನೀರ ತಾ, ಹಾಸಗಿ ಹಾಸ ಅನ್ನಂಗಿಲ್ಲ. ಅರ್ಧ ಕಣ್ಣ ತೆರದ ಎಲ್ಲಾರನ್ನೂ ನೋಡ್ಕೊಂತ ಕುಂಡ್ರತೀನಿ. ಎಷ್ಟ ಚಂದ ಅನಿಸ್ತೈತಿ ಗೊತ್ತೇನ?"

"ಅದ ಸಾಮಾಯಿಕ ಅಲ್ಲ ಬೇ, ಸಿನಿಮಾ," ಎಂದೆ. ಇಬ್ಬರೂ ನಕ್ಕೆವು.

ಸಂಜೆ ಬೆಳಕಿದ್ದಾಗಲೇ ಇಬ್ಬರೂ 'ಕಡೆಯ ತುತ್ತು' ಎಂದು ವಖಾರಿಯ ಮಾಳಿಗೆಯ ಮೇಲೆ ತಿನ್ನಲು ಕೂತೆವು. ನನ್ನ ಬಟ್ಟಲಿನಲ್ಲಿ ನಾಲ್ಕು ಚಮಚ ಹೆಸರುಬೇಳೆ. ಅವಳ ತಟ್ಟೆಯಲ್ಲಿ ಎರಡು ಕರಿಗಡಬು, ಮೇಲೆ ತುಪ್ಪ. ಬೈಪಾಸಿನವರಿಗೆ ಅದು ನಡೆಯುತ್ತದೋ ಇಲ್ಲವೋ, ಅವಳಂತೂ ತಿನ್ನುತ್ತಿದ್ದಳು. ನಾನು ಆ ತುಪ್ಪ ಜಾರುವುದನ್ನು ನೋಡಿದೆ. "ಒಂದ ಚೂರ ತಿನ್ನ," ಎಂದಳು. "ಬ್ಯಾಡ," ಎಂದೆ. ಆ ಬೇಡದಲ್ಲಿ ಯಾವ ವೈರಾಗ್ಯವೂ ಇರಲಿಲ್ಲ.

ಹೊತ್ತು ಮುಳುಗಿತು. ಕೆಳಗೆ ವಖಾರಿಯ ಅಂಗಳ ಬೂದಿಯ ಬಣ್ಣಕ್ಕೆ ತಿರುಗಿತು, ಗೋಡೆಯ ಬುಡದಲ್ಲಿ ಖಾಲಿ ಚೀಲಗಳ ರಾಶಿ ಕಪ್ಪಾಯಿತು. ಸುಜಾತಾ ತಟ್ಟೆ ಕೆಳಗಿಟ್ಟು ಮುಂದಕ್ಕೆ ಬಗ್ಗಿದಳು.

"ಅಕ್ಕಾ, ಅಲ್ನೋಡ. ಚೀಲದ ಮ್ಯಾಲೆ ಬೆಕ್ಕ ಮಲಗೈತಿ. ಮರಿ ಹಾಕೈತಿ."

"ಎಲ್ಲಿ?"

"ಅಲ್ಲೇ. ಎರಡ... ಅಲ್ಲ, ಮೂರ ಮರಿ. ಒಂದ ಅಗದೀ ಕರಿದೈತಿ."

ನನಗೆ ಚೀಲ ಮಾತ್ರ ಕಂಡಿತು. ಕರಿಯ ಮರಿಯನ್ನು ಕತ್ತಲೆಯಲ್ಲಿ ಎಣಿಸುತ್ತಿದ್ದಾಳೆ, ನನ್ನ ತಂಗಿ. ಅವಳನ್ನು ಮಿರಜಿಗೆ ಎಳೆದುಕೊಂಡು ಹೋದವಳು ನಾನು, ಆ ಕಣ್ಣು ಕಾಣಲೆಂದು ಬಸ್ಸಿನಲ್ಲಿ ಬೇಡಿಕೊಂಡವಳು ನಾನು. ಆದರೂ ಎದೆಯಲ್ಲಿ ಆ ಹಳೆಯ ಉರಿ ಸಣ್ಣಗೆ ಎದ್ದಿತು. ಇದೂ ಅವಳಿಗೇ ಎಂದು.

"ಕಂಡ್ವೇನ?" ಎಂದು ಕೇಳಿದಳು.

"ತಡಿ," ಎಂದೆ. ಚಷ್ಮಾ ತೆಗೆದು, ಸೆರಗಿನಿಂದ ಒರೆಸಿ, ಹಾಕಿಕೊಂಡು, ಅವಳ ಬೆರಳು ತೋರಿಸಿದ ಕಡೆ ಮತ್ತೆ ನೋಡಿದೆ.